ಕೆರೆ ಊರಿನ ಟೂರಿಗೆ ಗಾಡಿ ಓಡಿಸೋರು ಯಾರು?

ಹಳೇ ಗೆಳೆಯರು ಒಂದು ಕಡೆ ಸೇರಿದರೆ ಸಾಕು, ಟೂರಿನ ಮಾತು ಬರುತ್ತದೆ. ಎಲ್ಲಿ ಉಳಿಯೋದು, ಏನು ತಿನ್ನೋದು, ಎಲ್ಲೆಲ್ಲಿ ಕುಡಿಯೋದು ಎಲ್ಲ ಮಾತಾಗುತ್ತದೆ. ಕುಡಿದ ಮೇಲೆ ವಾಪಸ್ ಬರೋದು ಹೆಂಗೆ ಅನ್ನೋದು ಮಾತ್ರ ಯಾರ ಬಾಯಲ್ಲೂ ಬರೋದಿಲ್ಲ. ಮಧುಗಿರಿಯ ಭೀಮರಾಜು ಮತ್ತು ಅವನ ಗೆಳೆಯರ ವಿಷಯದಲ್ಲೂ ಹಂಗೇ ಆಯಿತು.

ಭೀಮರಾಜುದು ಮೋಟರ್ ರಿವೈಂಡಿಂಗ್ ಅಂಗಡಿ. ಸಿರಾದ ಅಕ್ರಂ ಲಾರಿ ಸೀಟುಗಳಿಗೆ ಕುಶನ್ ಹೊಲಿಯುತ್ತಾನೆ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನ ಅಂಬರೀಶ ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು, ಅಲ್ಲೇ ಪ್ಯಾನಲ್ ತೊಳೆಸುವ ಕೆಲಸ ನೋಡಿಕೊಳ್ಳುತ್ತಾನೆ. ಮೂವರೂ ಮೂವತ್ತು ವರ್ಷದ ಹಿಂದೆ ಮಧುಗಿರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಓದಿದವರು. ಭಾನುವಾರ ಬಂದರೆ ಸೈಕಲ್ ತುಳಿದುಕೊಂಡು ಚನ್ನರಾಯನದುರ್ಗಕ್ಕೆ ಹೋಗಿ, ಬೆಟ್ಟ ಹತ್ತಿ ಇಳಿದು, ಭೀಮರಾಜುವಿನ ಸೋದರತ್ತೆ ಪಾಪಕ್ಕನ ಮನೆಯಲ್ಲಿ ಮುದ್ದೆ ಉಪ್ಸಾರು ಉಂಡು ಬರುತ್ತಿದ್ದರು.

ಆ ವರ್ಷ ಕದಿರಯ್ಯ ಮೇಷ್ಟ್ರು ಇವರನ್ನೆಲ್ಲ ಘಟ್ಟದ ಮೇಲಿನ ಒಂದು ಊರಿಗೆ ಟೂರ್ ಕರೆದುಕೊಂಡು ಹೋಗಿದ್ದರು. ಊರ ನಡುವೆ ದೊಡ್ಡ ಕೆರೆ. ಕೆರೆ ತುಂಬ ದೋಣಿ, ದಂಡೆ ಸುತ್ತ ಹೋಟೆಲು. ದೋಣಿ ಹತ್ತೋಕೆ ಇವರ ಜೇಬಲ್ಲಿ ಕಾಸಿರಲಿಲ್ಲ. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿನ್ನುತ್ತಾ ದಂಡೆ ಮೇಲೆ ನಿಂತಿದ್ದರು. ಸಂಜೆಯಾಗುತ್ತಿದ್ದಂತೆ ಹೋಟೆಲಿನ ಗಾಜಿನ ಕಿಟಕಿಗಳಲ್ಲಿ ಒಂದೊಂದೇ ದೀಪ ಹತ್ತಿತು. ಒಳಗೆ ಕೂತವರು ಗ್ಲಾಸು ಹಿಡಿದು ನಗುತ್ತಿದ್ದರು.

"ದೊಡ್ಡೋರಾದ್ಮೇಲೆ ಇಲ್ಲಿಗೇ ಬರೋಣ ಕಣ್ರಲಾ," ಅಂದಿದ್ದ ಭೀಮರಾಜು. "ಒಂದೊಂದು ಹೋಟ್ಲಲ್ಲೂ ಕೂತು ಎದ್ದು ಬರೋಣ."

ಆ ಮಾತು ಮೂವತ್ತು ವರ್ಷ ಹಂಗೇ ಉಳಿದುಬಿಟ್ಟಿತ್ತು. ಈ ವರ್ಷ ಹುಣಸೆಹಣ್ಣು ಬಡಿಯುವ ಕಾಲಕ್ಕೆ ಭೀಮರಾಜು ಫೋನ್ ಮಾಡಿ ಇಬ್ಬರನ್ನೂ ಪಾಪಕ್ಕನ ಮನೆಗೇ ಕರೆದ. ಟೂರ್ ಪ್ಲಾನ್ ಅಲ್ಲೇ ಆಗಬೇಕು ಅನ್ನೋದು ಅವನ ಆಸೆ.

ಭಾನುವಾರ ಬೆಳಿಗ್ಗೆ ಸೇರಿದರು. ಪಾಪಕ್ಕನಿಗೆ ಈಗ ಎಪ್ಪತ್ತೆರಡು. ಮೂವರನ್ನೂ ನೋಡಿ, "ಇನ್ನೂ ಅಂಗೇ ಅವ್ರೆ ಮೂರೂ. ತಲೆ ಮಾತ್ರ ಬೆಳ್ಳಗಾಗೈತೆ," ಅಂತ ಒಳಗೆ ಎಸರಿಡೋಕೆ ಹೋದಳು.

ಅದೇ ಊರಿನ ವೇದಾವತಿ ಪಾಪಕ್ಕನ ಬಿಪಿ ನೋಡಲು ಬಂದಳು. ಇವರ ಜೊತೆಗೇ ಓದಿದವಳು. ಈಗ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸು.

ಭೀಮರಾಜು ಕಾರಿನಿಂದ ಬಿಯರ್ ಬಾಟ್ಲಿ ಇಳಿಸಿದ. ಅಂಬರೀಶನೂ ಅವನೂ ಹಿತ್ತಲಲ್ಲಿ ಕೂತು ಕುಡಿಯುತ್ತಾ ಮಾತಿಗೆ ಶುರುಮಾಡಿದರು. ಅಕ್ರಂ ಯಾವತ್ತೂ ಕುಡಿದವನಲ್ಲ. ಅವನು ಕಡ್ಲೆಕಾಯಿ ಬಿಡಿಸಿಕೊಂಡು ಕೂತ.

ಭೀಮರಾಜು ಜೇಬಿನಿಂದ ಚೀಟಿ ತೆಗೆದ. "ಕೇಳಿ. ನಾಕು ಗಂಟೆಗೆ ಕೆರೆ ಎದುರಿನ ಬಾರು. ಆರಕ್ಕೆ ಬೋಟ್ ಹೌಸ್ ಪಕ್ಕದ್ದು. ಆಮೇಲೆ ಮೇಲ್ಗಡೆ ವ್ಯೂ ಪಾಯಿಂಟ್ ಹತ್ರ ಒಂದೈತಂತೆ. ಕೊನೇದು ಘಟ್ಟದ ಕೆಳಗೆ, ಹದಿನೆಂಟೇ ಕಿಲೋಮೀಟ್ರು. ಅಲ್ಲಿ ಮೀನು ಫಸ್ಟ್‌ಕ್ಲಾಸಂತೆ."

"ಏಮ್ರಾ, ಅಷ್ಟು ದೂರ ರಾತ್ರಿ ಗಾಡಿ ಯಾರು ಓಡ್ಸೋದು?" ಅಂದ ಅಂಬರೀಶ, ತನ್ನ ಪಾವಗಡದ ತೆಲುಗು ಬೆರೆಸಿ.

"ಇನ್ಯಾರು? ನಾನೇ."

ವೇದಾವತಿ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ನಾಕು ಬಾರಲ್ಲಿ ಕುಡ್ದು ಘಟ್ಟ ಇಳೀತೀಯೇನೋ ಭೀಮ?"

"ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ ಕಣಮ್ಮ. ಒಂದು ಗೀಟೂ ಬಿದ್ದಿಲ್ಲ ಗಾಡಿ ಮೇಲೆ. ನಂಗೆ ಎರಡು ಹಾಕಿದ್ರೇನೇ ಕೈ ನೆಟ್ಟಗಿರೋದು."

"ಹಂಗನ್ನಿಸೋದೇ ಅದರ ಕೆಲಸ ಕಣೋ. ಎಣ್ಣೆ ಮೊದಲು ಕೆಡಿಸೋದು ಕೈಯನ್ನಲ್ಲ, ಅಂದಾಜನ್ನ. ದೂರ ಎಷ್ಟೈತೆ, ಯಾರು ಅಡ್ಡ ಬಂದ್ರು ಅನ್ನೋದು ತಲೆಗೆ ಲೇಟಾಗಿ ಮುಟ್ಟುತ್ತೆ. ನಿಂಗೆ ಮಾತ್ರ ಎಲ್ಲಾ ಸರಿ ಇದೆ ಅನ್ನಿಸ್ತಾ ಇರುತ್ತೆ."

"ಒಂದು ಸ್ಟ್ರಾಂಗ್ ಕಾಫಿ ಕುಡಿದ್ರೆ ಇಳೀತದೆ ಬುಡು."

"ಕಾಫೀಲಿ ಇಳಿಯಲ್ಲ. ನಿಂಬೆಹಣ್ಣಲ್ಲೂ ಇಳಿಯಲ್ಲ, ತಣ್ಣೀರು ಸುರ್ಕೊಂಡ್ರೂ ಇಳಿಯಲ್ಲ. ತೂಕಡಿಕೆ ಬಿಡ್ಬೋದು ಅಷ್ಟೆ. ರಕ್ತದಲ್ಲಿರೋದು ಇಳಿಯೋಕೆ ಗಂಟೆಗಟ್ಲೆ ಹೊತ್ತು ಬೇಕು."

ಭೀಮರಾಜು ನಕ್ಕುಬಿಟ್ಟ. "ಸ್ಕೂಲಲ್ಲೂ ಇಂಗೇ ಮಾನಿಟರ್ ಆಗಿ ಹೆಸ್ರು ಬರೀತಿದ್ಲು ಕಣ್ರಲಾ." ಎಲ್ಲರೂ ನಕ್ಕರು. ವೇದಾವತಿಗೂ ನಗು ಬಂತು. ಮಾತು ಆ ಕಡೆಗೇ ಹೊರಳಿತು. ಯಾರು ಯಾರ ಟಿಫನ್ ಬಾಕ್ಸು ಕದ್ದರು, ಕದಿರಯ್ಯ ಮೇಷ್ಟ್ರು ಬಸ್ಸಿನಲ್ಲಿ ಹೆಂಗೆ ನಿದ್ದೆಗಣ್ಣಲ್ಲೇ ಹಾಡಿದರು, ಪಾಪಕ್ಕನ ಮನೆಯಲ್ಲಿ ಅಂಬರೀಶ ನಾಲ್ಕು ಮುದ್ದೆ ಉಂಡು ಏಳೋಕಾಗದೆ ಮಲಗಿದ್ದು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಮೂರನೇ ಬಾಟ್ಲಿ ಮುಗಿದದ್ದೂ ಭೀಮರಾಜುಗೆ ತಿಳಿಯಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಬೀದಿಯಲ್ಲಿ ಹಾರನ್ ಕೇಳಿಸಿತು. ಹುಲ್ಲು ತುಂಬಿದ ಟ್ರ್ಯಾಕ್ಟರು. ಭೀಮರಾಜುವಿನ ಕಾರು ದಾರಿಗೆ ಅಡ್ಡ ನಿಂತಿತ್ತು.

ಅಕ್ರಂ ಎದ್ದ. "ಕೀ ಕೊಡು ಭಾಯಿ, ನಾನ್ ತೆಗೀತೀನಿ."

"ನಾಕು ಅಡಿ ಹಿಂದಕ್ಕೆ ಹಾಕೋಕೆ ನಿನ್ನ ಕರೀಬೇಕಾ? ಕೂತ್ಕೊ."

"ಜಿದ್ದು ಬೇಡ ಭೀಮ, ಕೊಡು."

ಭೀಮರಾಜು ಕೊಡಲಿಲ್ಲ. ನೆಟ್ಟಗೇ ನಡೆದು ಹೋದ. ಕನ್ನಡಿ ನೋಡಿದ. ಹಿಂದೆ ಯಾರೂ ಇಲ್ಲ ಅನ್ನಿಸಿತು. ರಿವರ್ಸ್ ಹಾಕಿದ.

ಆ ಹೊತ್ತಿಗೆ ಪಾಪಕ್ಕ ಕಾರಿನ ಹಿಂದುಗಡೆ, ಮನೆ ಪಕ್ಕದ ನೆರಳಲ್ಲಿ ಗೋಣಿತಾಟು ಹಾಸಿಕೊಂಡು ಹುಣಸೆಹಣ್ಣು ಬಡಿಯುತ್ತಿದ್ದಳು. ಟ್ರ್ಯಾಕ್ಟರಿನವನು ಕೂಗಿದ. ಕಾರು ನಿಲ್ಲುವಷ್ಟರಲ್ಲಿ ಅದರ ಹಿಂಭಾಗ ಅವಳಿಗೆ ತಗುಲಿತ್ತು. ಪಾಪಕ್ಕ ಎಡಗೈ ಊರಿಕೊಂಡು ಪಕ್ಕಕ್ಕೆ ಬಿದ್ದಳು.

ವೇದಾವತಿ ಓಡಿ ಬಂದಳು. "ಯಾರೂ ಎತ್ತಬೇಡಿ, ಕೈ ಎಳೀಬೇಡಿ." ಕಾಲು ಆಡಿಸೋಕೆ ಹೇಳಿದಳು, ತಲೆ ಕತ್ತು ಮುಟ್ಟಿ ನೋಡಿದಳು. ಎಡ ಮುಂಗೈ ಸೊಟ್ಟಗಾಗಿತ್ತು. ಬಿಯರ್ ತಂದಿದ್ದ ರಟ್ಟಿನ ಡಬ್ಬ ಹರಿದು, ಕೈ ಕೆಳಗಿಟ್ಟು, ಟವಲಿನಿಂದ ಕಟ್ಟಿ ಕೊರಳಿಗೆ ಜೋತುಹಾಕಿದಳು. "ಮೂಳೆ ಮುರಿದೈತೆ. ಬೇರೆ ಏನೂ ಆದಂಗಿಲ್ಲ, ಆದ್ರೂ ಬೇಗ ಆಸ್ಪತ್ರೆಗೆ ಹೋಗ್ಬೇಕು. ಅಕ್ರಂ, ಗಾಡಿ ತೆಗಿ."

ಭೀಮರಾಜು ಕೈಯಲ್ಲಿದ್ದ ಕೀಯನ್ನು ಕೊಟ್ಟ.

ದಾರಿಯುದ್ದಕ್ಕೂ ಅತ್ತೆಯನ್ನು ಒರಗಿಸಿಕೊಂಡು ಕೂತಿದ್ದ. ಹಳ್ಳ ಬಂದಾಗಲೆಲ್ಲ ಪಾಪಕ್ಕ ನೋವಿಗೆ ಹಲ್ಲು ಕಚ್ಚುತ್ತಿದ್ದಳು. ಒಂದು ಸಲ ಮಾತ್ರ ಬಾಯಿಬಿಟ್ಟಳು. "ಮುದ್ದೆ ಮಾಡಿಟ್ಟಿದ್ದೆ. ನೀವ್ಯಾರೂ ಉಣ್ಣಲೇ ಇಲ್ವಲ್ಲಾ ಮಗಾ." ಭೀಮರಾಜು ಮುಖ ಆ ಕಡೆ ತಿರುಗಿಸಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು. "ಹೆಂಗಾಯ್ತಜ್ಜಿ?"

"ಹುಣಸೆಹಣ್ಣು ಬಡೀತಿದ್ದೆ ಕಣವ್ವ. ಎದ್ದೇಳೋವಾಗ ಕಾಲು ಜಾರ್ತು."

ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು. ಅಂಬರೀಶ ನೆಲ ನೋಡುತ್ತಿದ್ದ. ವೇದಾವತಿ ಭೀಮರಾಜುವಿನ ಕಡೆ ನೋಡಿದಳು, ಅಷ್ಟೆ.

ಭೀಮರಾಜು ಎದ್ದು ನಿಂತ. "ಇಲ್ಲ ಡಾಕ್ಟ್ರೆ. ಅವರು ಜಾರಲಿಲ್ಲ. ನಾನು ಕುಡ್ದು ಗಾಡಿ ಹಿಂದಕ್ಕೆ ಹಾಕ್ದೆ. ಅತ್ತೆ ನಂಗೆ ಕಾಣಲಿಲ್ಲ."

"ಸುಮ್ಕಿರ್ಲಾ ಲೇ," ಅಂದಳು ಪಾಪಕ್ಕ.

"ಸುಮ್ಕಿದ್ರೆ ನಾಳೆ ಮತ್ತೆ ಓಡಿಸ್ತೀನಿ ಕಣತ್ತೆ."

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಪೊಲೀಸರು ಬಂದು ಊದಿಸಿದರು. ಕೇಸಾಯಿತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ, ಮೂರು ತಿಂಗಳು ಲೈಸೆನ್ಸು ಹೋಯಿತು. ಅದೆಲ್ಲಕ್ಕಿಂತ ಅವನನ್ನು ಕಾಡಿದ್ದು ಬೇರೆ. ಕನ್ನಡಿಯಲ್ಲಿ ನೋಡಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಲ್ಲಿ ಯಾರೂ ಇರಲಿಲ್ಲ. ಆದರೆ ಪಾಪಕ್ಕ ಅಲ್ಲೇ ಕೂತಿದ್ದಳು, ಕೆಂಪು ಸೀರೆ ಉಟ್ಟುಕೊಂಡು.

ಪಾಪಕ್ಕನ ಕೈ ಆರು ವಾರ ಬ್ಯಾಂಡೇಜಿನಲ್ಲಿತ್ತು. ಒಂಟಿ ಕೈಯಲ್ಲಿ ಮುದ್ದೆ ತೊಳಸೋಕಾಗುತ್ತಾ? ಪಕ್ಕದ ಮನೆ ಸರೋಜಮ್ಮ ವಾರವೆಲ್ಲ ನೋಡಿಕೊಂಡಳು. ಭಾನುವಾರ ಮಾತ್ರ ಭೀಮರಾಜು ಬಸ್ ಹತ್ತಿ ಬಂದು ತಾನೇ ಒಲೆ ಮುಂದೆ ಕೂರುತ್ತಿದ್ದ. ಮೊದಲ ವಾರದ ಮುದ್ದೆ ತುಂಬ ಗಂಟು. ಪಾಪಕ್ಕ ಗಂಟನ್ನೆಲ್ಲ ತಟ್ಟೆ ಅಂಚಿಗೆ ಸರಿಸಿ ಉಂಡಳು. ಕೆರೆ ಊರಿನ ಹೆಸರನ್ನು ಭೀಮರಾಜು ಎತ್ತಲೇ ಇಲ್ಲ.

ಕೊನೆಗೆ ಅವಳೇ ಎತ್ತಿದಳು. ಬ್ಯಾಂಡೇಜ್ ಬಿಚ್ಚಿದ ವಾರ ಮೂವರನ್ನೂ ವೇದಾವತಿಯನ್ನೂ ಜಗಲಿ ಮೇಲೆ ಕೂರಿಸಿ ಕೇಳಿದಳು. "ಟೂರಿಗೆ ಯಾವಾಗ ಹೋಗ್ತೀರ?"

"ಬೇಡ ಕಣತ್ತೆ," ಅಂದ ಭೀಮರಾಜು.

"ಮೂವತ್ತು ವರ್ಷದ ಆಸೆ ಯಾಕ್ಲಾ ಬುಡ್ತೀಯ? ಹೋಗೋದು ತಪ್ಪಲ್ಲ. ಹೋದಂಗೇ ವಾಪಸ್ ಬರ್ಬೇಕು, ಅಷ್ಟೇಯ."

ವೇದಾವತಿ ಪೆನ್ನು ತೆಗೆದಳು. "ಈ ಸಲ ಬಾರಿನ ಹೆಸರು ಆಮೇಲೆ ಬರೆಯೋಣ. ಮೊದಲು ಗಾಡಿದು ಹೇಳಿ. ಯಾರು ಓಡಿಸ್ತಾರೆ?"

ಅಂಬರೀಶ ಅಕ್ರಂ ಕಡೆ ತಿರುಗಿದ. "ವೀಡು ತಾಗಡು ಕದಾ. ಇವನು ಕುಡಿಯಲ್ವಲ್ಲ, ಇವನೇ ಓಡಿಸ್ತಾನೆ."

ಅಕ್ರಂ ಒಪ್ಪಲಿಲ್ಲ. "ಹೋಗ್ತಾ ಓಡಿಸಿ, ಇಡೀ ದಿನ ತಿರುಗಿ, ರಾತ್ರಿ ಮತ್ತೆ ಘಟ್ಟ ಇಳಿಸು ಅಂದ್ರೆ ನಂಗೂ ಕಣ್ಣು ಎಳೆಯುತ್ತೆ ಭಾಯಿ. ಕುಡೀದೆ ಇರೋನು ತೂಕಡಿಸಿದ್ರೂ ಗಾಡಿ ಹಳ್ಳಕ್ಕೇ ಹೋಗೋದು. ಮತ್ತೆ ನಾನೂ ಟೂರಿಗೆ ಬರೋನೇ ಅಲ್ವಾ?"

ಅದು ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ಪ್ಲಾನ್ ತಾನಾಗಿ ಕೂಡಿಬಂತು. ಸಿರಾ ಹತ್ತಿರದ ಪಟ್ಟನಾಯಕನಹಳ್ಳಿ ಕಡೆಯ ಬಾಡಿಗೆ ಗಾಡಿ, ಡ್ರೈವರ್ ಸಮೇತ. ಅವನಿಗೆ ಮಲಗೋಕೆ ಬೇರೆ ರೂಮು. ಲಾಡ್ಜು ಕೆರೆ ದಂಡೆಯಲ್ಲೇ ಇರಬೇಕು. ನಡೆದು ಹೋಗಿ ನಡೆದು ಬರುವಷ್ಟು ಹತ್ತಿರದ ಎರಡೇ ಬಾರು. ಘಟ್ಟದ ಕೆಳಗಿನ ಮೀನಿನ ಬಾರನ್ನು ಭೀಮರಾಜು ತಾನೇ ಚೀಟಿಯಿಂದ ಹೊಡೆದುಹಾಕಿದ. "ಮಾರನೇ ದಿನ ಬರ್ತಾ ಮಧ್ಯಾಹ್ನ ಊಟಕ್ಕೆ ತಿಂದ್ರಾಯ್ತು."

"ಕುಡಿದ ಮೇಲೆ ಕೆರೆಗೆ ಇಳಿಯೋದು, ದೋಣಿ ಹತ್ತೋದು ಇಲ್ಲ," ಅಂದಳು ವೇದಾವತಿ. "ಈಜು ಬರೋರೇ ಹಂಗೆ ಹೋಗಿರೋದನ್ನ ನಮ್ಮ ವಾರ್ಡಲ್ಲಿ ನೋಡಿದೀನಿ. ದೋಣಿ ಬೆಳಿಗ್ಗೆ."

"ದೋಣಿ ಅಂದ್ರೆ ಹೆಂಗಿರ್ತದೆ?" ಅಂತ ಕೇಳಿದಳು ಪಾಪಕ್ಕ. ಅವಳು ಕೊರಟಗೆರೆ, ತುಮಕೂರು ಬಿಟ್ಟು ಆಚೆಗೆ ಹೋದವಳೇ ಅಲ್ಲ. ಗಾಡಿಯಲ್ಲಿ ಜಾಗ ಇತ್ತು. ಅವಳೂ ಹೊರಟಳು, ಜೊತೆಗೆ ವೇದಾವತಿಯೂ.

ಮೇ ತಿಂಗಳ ಕೊನೆಗೆ ಹೋದರು. ಆ ಊರು ಗುರುತೇ ಸಿಗದಷ್ಟು ಬದಲಾಗಿತ್ತು. ಇವರು ಚಿತ್ರಾನ್ನ ತಿಂದಿದ್ದ ಜಾಗದಲ್ಲಿ ಪಾರ್ಕಿಂಗ್ ಆಗಿತ್ತು. ಆದರೂ ಕೆರೆ ಮೇಲಿಂದ ಬರುವ ಆ ತಣ್ಣನೆ ಗಾಳಿ ಅದೇ. ಗಾಜಿನ ಕಿಟಕಿ ಹಿಂದೆ ಮೂವರೂ ಕೂತರು. ಅಕ್ರಂ ಲೈಮ್ ಸೋಡಾ ತರಿಸಿದ. ಭೀಮರಾಜು ಹೊರಗೆ ದಂಡೆಯನ್ನೇ ನೋಡುತ್ತಾ ಬಹಳ ಹೊತ್ತು ಕೂತ. ಯಾವುದೋ ಬೇಸಿಗೆ ಶಿಬಿರದ ಮಕ್ಕಳು ಸಾಲಾಗಿ ಹೋಗುತ್ತಿದ್ದರು.

"ಮೇಷ್ಟ್ರು ಇದ್ದಿದ್ರೆ ಕರ್ಕೊಂಡು ಬರ್ಬೋದಿತ್ತು ಕಣ್ಲಾ," ಅಂದ ಅಂಬರೀಶ. ಭೀಮರಾಜು ತಲೆಯಾಡಿಸಿದ.

ಎರಡನೇ ಬಾರಿನಲ್ಲಿ ಅಂಬರೀಶ ಇನ್ನೊಂದು ಅಂದಾಗ ಭೀಮರಾಜುವೇ ಬಿಲ್ ಕೇಳಿದ. "ಅತ್ತೆ ಎಂಟಕ್ಕೆ ಊಟಕ್ಕೆ ಬನ್ನಿ ಅಂದವ್ಳೆ." ಮೂವರೂ ಭುಜಕ್ಕೆ ಭುಜ ತಾಗಿಸಿಕೊಂಡು ದಂಡೆ ಮೇಲೆ ನಡೆದೇ ಬಂದರು.

ಮಾರನೇ ಬೆಳಿಗ್ಗೆ ಪಾಪಕ್ಕ ಸೀರೆ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ದೋಣಿಯಲ್ಲಿ ಕೂತಳು. ದೋಣಿ ಅಲ್ಲಾಡಿದಾಗ ಭೀಮರಾಜುವಿನ ಕೈ ಹಿಡಿದುಕೊಂಡಳು. ವಾಸಿಯಾಗಿದ್ದ ಎಡಗೈಯಲ್ಲೇ ಹಿಡಿದದ್ದು. ಅವನು ದಡ ಸೇರುವವರೆಗೂ ಬಿಡಲಿಲ್ಲ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕುಡಿಯದೇ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಕುಡಿಯುವುದೇ ಆದರೆ ಆ ದಿನ ಗಾಡಿ ಮುಟ್ಟಬೇಡಿ, ನಾಲ್ಕು ಅಡಿ ದೂರಕ್ಕೂ ಬೇಡ. ಮೊದಲನೇ ಸಲ ಸಿಕ್ಕಿಬಿದ್ದರೂ ಹತ್ತು ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಅದಕ್ಕೆ ಹೆದರಿ ಅಂತ ನಾವು ಹೇಳುತ್ತಿಲ್ಲ. ಭೀಮರಾಜುಗೆ ಅದೃಷ್ಟ ಇತ್ತು, ಕೈ ಮುರಿದಷ್ಟಕ್ಕೇ ಮುಗಿಯಿತು. ಎಲ್ಲರಿಗೂ ಅಷ್ಟಕ್ಕೇ ಮುಗಿಯುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರೋ ಟೂರಿಗೆ ಹೊರಟಿರಬಹುದು. ಈವತ್ತೇ ಅವರನ್ನು ಕೂರಿಸಿಕೊಂಡು ಕೇಳಿ, ಗಾಡಿ ಓಡಿಸೋರು ಯಾರು ಅಂತ. ಉತ್ತರ ಸಿಗುವವರೆಗೂ ಕೀ ನಿಮ್ಮ ಹತ್ತಿರವೇ ಇರಲಿ.