ಡಿಸ್ಚಾರ್ಜ್ ಆದ ಅಕ್ಕ

ಅಕ್ಕ ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದಳು. ಅವಳು ಬಲ್ಲ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ಅವಳಿಗೆ ಪ್ರಾಣವಾಗಿದ್ದದ್ದು ‘ಡಿಸ್ಚಾರ್ಜ್’. ಆಸ್ಪತ್ರೆಯಿಂದ ಮನೆಗೆ ಬಿಡುವ ಆ ದಿನ ಬಾಣಂತಿಯರು ಬೆಳಗ್ಗೆಯೇ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ಕಾಯುತ್ತಿದ್ದರು. ಮಗುವನ್ನು ಸುತ್ತಿ ಗೇಟಿನವರೆಗೆ ಎತ್ತಿಕೊಂಡು ಹೋಗುವುದು ಅಕ್ಕನ ಕೆಲಸ. ಸಂಜೆ ಬಂದು, "ಇವತ್ತು ನಾಲ್ಕು ಡಿಸ್ಚಾರ್ಜ್ ಕಣೋ," ಎನ್ನುವಾಗ ಅವಳ ಮುಖ ಮೊರದಗಲ ಆಗಿರುತ್ತಿತ್ತು.

ತಮ್ಮನಿಗೆ ಅದು ಬೇರೆಯೇ ಪದ. ಅವನದು ವಾಹನಗಳ ಬ್ಯಾಟರಿ ರಿಪೇರಿ ಅಂಗಡಿ. ಅಲ್ಲಿ ಡಿಸ್ಚಾರ್ಜ್ ಎಂದರೆ ಬರಿದಾಗಿ ಬಿದ್ದದ್ದು. "ನಿನ್ನ ಡಿಸ್ಚಾರ್ಜ್‌ಗಳು ಕಿರುಚಿ ಅಳ್ತಾವೆ, ನನ್ನವು ಉಸಿರೇ ಎತ್ತಲ್ಲ," ಎಂದು ಅವಳನ್ನು ನಗಿಸುತ್ತಿದ್ದ.

ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅವನನ್ನು ಸಾಕುವುದರಲ್ಲೇ ಅವಳ ಮದುವೆಯ ವಯಸ್ಸು ಕಳೆಯಿತು. ಆಮೇಲೆ ಅವನೂ ಮದುವೆಯ ಮಾತೆತ್ತಲಿಲ್ಲ. ಎರಡು ಕೋಣೆಗಳ ಮನೆಯಲ್ಲಿ ಇಬ್ಬರೂ ಜಗಳವಾಡಿಕೊಂಡು ಸುಖವಾಗಿದ್ದರು.

ಕೆಲಸಕ್ಕೆ ಸೇರಿದ ಮೂವತ್ತೊಂದನೆಯ ವರ್ಷ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹನ್ನೆರಡನೆಯ ದಿನ ಡಾಕ್ಟರು ತಮ್ಮನನ್ನು ವರಾಂಡಕ್ಕೆ ಕರೆದರು.

"ನಾಳೆ ಡಿಸ್ಚಾರ್ಜ್ ಮಾಡ್ತೀವಿ."

"ಹಾಗಾದ್ರೆ ವಾಸಿಯಾಯ್ತಾ ಸಾರ್?"

ಡಾಕ್ಟರು ಕನ್ನಡಕ ತೆಗೆದರು. "ಗಡ್ಡೆ ಎಲ್ಲಾ ಕಡೆ ಹರಡಿದೆಯಪ್ಪ. ಮುಟ್ಟದೆ ಹಾಗೇ ಹೊಲಿದುಬಿಟ್ವಿ. ಮನೇಲಿ ಇಷ್ಟವಾದ್ದು ಕೊಟ್ಟು ನೋಡ್ಕೊಳ್ಳಿ. ಒಂದು ತಿಂಗಳು ಅಂದ್ಕೊಳ್ಳಿ."

ಅವನು ಒಳಗೆ ಬರುವಷ್ಟರಲ್ಲಿ ನರ್ಸು ಸುದ್ದಿ ಮುಟ್ಟಿಸಿಬಿಟ್ಟಿದ್ದಳು. ಅಕ್ಕ ಎದ್ದು ಕೂತಿದ್ದಳು. "ಬಾಚಣಿಗೆ ಎಲ್ಲೋ? ನಾಳೆ ಡಿಸ್ಚಾರ್ಜ್ ಅಂತೆ!"

"ಗಾಯದಿಂದ ಏನಾದ್ರೂ ಡಿಸ್ಚಾರ್ಜ್ ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ," ಎಂದಳು ನರ್ಸು. ಅವನು ಪಿಳಿಪಿಳಿ ನೋಡಿದ.

"ಕೀವು ಕಣೋ, ಕೀವು," ಎಂದು ಅಕ್ಕ ನಕ್ಕಳು. "ನಿನ್ನ ಅಂಗಡಿ ಇಂಗ್ಲಿಷ್ ಇಲ್ಲಿ ನಡೆಯಲ್ಲ."

ಅವನೂ ನಕ್ಕ. ಡಾಕ್ಟರ ಮಾತನ್ನು ಹೇಳದೆ, ಚೀಲ ತೆಗೆದು ಬಾಚಣಿಗೆ ಹುಡುಕತೊಡಗಿದ.

ಮನೆಗೆ ಬಂದ ಮೇಲೆ ಎಂಟು ದಿನ ಅವನು ನಾಟಕವಾಡಿದ. "ಮುಂದಿನ ತಿಂಗಳು ಡ್ಯೂಟಿಗೆ ಹೋಗ್ತೀನಿ," ಎಂದು ಅವಳೆಂದರೆ ಹೂಂಗುಟ್ಟಿದ. ಕೇಳಿದಳೆಂದು ಡ್ಯೂಟಿಯ ಬಟ್ಟೆಗೆ ಇಸ್ತ್ರಿ ಹಾಕಿಸಿ ತಂದ. ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತ.

ಒಂಬತ್ತನೆಯ ದಿನ ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದವನ ಕೈಯನ್ನು ಅಕ್ಕ ತಡೆದಳು.

"ಎಷ್ಟು ದಿನ ಅಂದ್ರು?"

"ಏನು ಎಷ್ಟು ದಿನ?"

"ನಾನೇ ತೊಳೆದು ಬೆಳೆಸಿದ ಮುಖ ಅದು. ನನ್ನ ಹತ್ರ ಮುಚ್ಚಿಡ್ಬೇಡ."

ಅವನು ಬಟ್ಟಲು ಕೆಳಗಿಟ್ಟ. "ಡಿಸ್ಚಾರ್ಜ್ ಅಂದ ಕೂಡ್ಲೇ ನೀನು ಅಷ್ಟು ಖುಷಿಪಟ್ಟೆ. ಹೇಗಕ್ಕಾ ಹೇಳ್ಲಿ?"

"ಹುಚ್ಚಪ್ಪ. ಆ ವಾರ್ಡಿಂದ ಬರಿಗೈಲಿ ಹೋದವರೂ ಇದ್ರು ಕಣೋ. ಮಗು ಉಳೀಲಿಲ್ಲ ಅಂತ ಹೋದವರು. ಅವರನ್ನೂ ಗೇಟಿನ ತನಕ ಬಿಟ್ಟುಬಂದೋಳು ನಾನೇ. ಅವರ ಚೀಟಿ ಮೇಲೂ ಅದೇ ಪದ ಇರ್ತಿತ್ತು. ಮನೇಗೆ ಬಂದು ನಿನಗೆ ಹೇಳ್ತಿರಲಿಲ್ಲ, ಅಷ್ಟೆ."

ಇಷ್ಟು ವರ್ಷ ಅವಳು ನಗುವ ಸುದ್ದಿಯನ್ನಷ್ಟೇ ಆರಿಸಿ ಮನೆಗೆ ತರುತ್ತಿದ್ದಳೆಂದು ಅವನಿಗೆ ಆಗ ಹೊಳೆಯಿತು. ಅವಳ ಅಂಗೈಯಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. "ಒಂದು ತಿಂಗಳು," ಎಂದ ಕೊನೆಗೆ.

ಅಕ್ಕನ ಕಣ್ಣಲ್ಲೂ ನೀರು ಇಳಿಯುತ್ತಿತ್ತು. "ನೀನು ಬಚ್ಚಲಲ್ಲಿ, ನಾನು ಹೊದಿಕೆಯೊಳಗೆ. ಒಬ್ಬೊಬ್ಬರೇ ಅತ್ತಿದ್ದು ಸಾಕು."

ಮರುದಿನದಿಂದ ಅವನು ಅಂಗಡಿಯ ಬಾಗಿಲು ತೆರೆಯಲಿಲ್ಲ. ಅಕ್ಕ ಮಂಚದಲ್ಲಿ ಮಲಗಿಯೇ ಅವನಿಗೆ ಅಡುಗೆ ಕಲಿಸಿದಳು. "ಉಪ್ಪು ಹಾಕು ಅಂದೆ, ಸುರಿ ಅನ್ನಲಿಲ್ಲ," ಎಂದು ಬೈದಳು. ನೋವು ಕಡಿಮೆಯಿದ್ದ ಹೊತ್ತಿನಲ್ಲಿ ಬರಿಗೈಯಲ್ಲಿ ಹೋದ ಹೆಂಗಸರ ಕತೆಗಳನ್ನು ಒಂದೊಂದಾಗಿ ಹೇಳಿದಳು. ಒಬ್ಬಳು ಗೇಟಿನಿಂದ ಹಿಂದಿರುಗಿ ಬಂದು, ಮಗುವಿಗೆಂದು ಹೆಣೆದ ಟೋಪಿಯನ್ನು ಅಕ್ಕನ ಕೈಯಲ್ಲಿಟ್ಟು ಹೋಗಿದ್ದಳಂತೆ. ಅವನು ಮಂಚದ ಪಕ್ಕ ಕೂತು ಎಲ್ಲವನ್ನೂ ಕೇಳಿದ.

ಹೀಗೆ ಹದಿನಾರು ದಿನ ಕಳೆದವು. ಹದಿನೇಳನೆಯ ದಿನ ಬೆಳಗ್ಗೆ ಒಲೆಯ ಮುಂದೆ ನಿಂತು ಅಕ್ಕನನ್ನು ಕೂಗಿದ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಆಮೇಲೆ ಒಲೆ ಆರಿಸಿ, ಒಳಗೆ ಹೋಗಿ ಅವಳ ಕಣ್ಣು ಮುಚ್ಚಿದ. ಕಾಲುಗಳನ್ನು ನೇರ ಮಾಡಿದ. ಪಕ್ಕದ ಮನೆಯವರನ್ನು ಕರೆಯುವ ಮೊದಲು ಬಹಳ ಹೊತ್ತು ಅವಳ ಹತ್ತಿರವೇ ಕೂತಿದ್ದ.