ತಿರುಗಿ ಹೇಳಿ

ಎರಡನೇ ರಿಂಗಿಗೇ ಅವಳು ಫೋನ್ ಎತ್ತಿಬಿಟ್ಟಳು. ಎತ್ತಿದ ಮೇಲೆ ಗೊತ್ತಾಯಿತು, ಅದು ತನ್ನದಲ್ಲ, ಅಕ್ಕನ ಫೋನು. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಚಾರ್ಜರಿಗೆ ಸಿಕ್ಕಿಸಿಕೊಂಡು ಅದು ಐದು ವಾರದಿಂದ ಅಲ್ಲೇ ಬಿದ್ದಿತ್ತು. ಅಕ್ಕ ತೀರಿಕೊಂಡೂ ಐದು ವಾರ.

"ನಮಸ್ಕಾರ, ಹೇಳಿ," ಎಂದಳು. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡು ಬಂದದ್ದು ಅದೇ ಎರಡು ಮಾತು. ಆಸ್ಪತ್ರೆಯೊಳಗೆ ಯಾರು ಸೊನ್ನೆ ಒತ್ತಿದರೂ ಅವಳಿಗೇ ಹೋಗುತ್ತಿತ್ತು. ಹಾಗಾಗಿ ಡಾಕ್ಟರರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಸೊನ್ನೆ ಮೇಡಂ. ಅಕ್ಕನಿಗಂತೂ ಬರೀ ಸೊನ್ನೆ.

"ನಮಸ್ಕಾರ ಟೀಚರ್. ನಾನು ನಿಮ್ಮ ಹಳೇ ಸ್ಟೂಡೆಂಟು, ಗುರುತು ಸಿಗ್ತಾ?" ಗಂಡು ದನಿ, ಎಳೆಯದು, ಮಾತಿನ ತುಂಬ ನಗು. "ಹುಷಾರಾಗಿದ್ದೀರಾ ಟೀಚರ್?"

ಈ ಐದು ವಾರದಲ್ಲಿ ಸೊನ್ನೆ ಎಷ್ಟೋ ಜನಕ್ಕೆ ಅಕ್ಕ ಹೋದ ಸುದ್ದಿ ಹೇಳಿದ್ದಳು, ವಾರ್ಡಿಗೆ ಕಾಲ್ ಕೊಡುವಷ್ಟೇ ಸಲೀಸಾಗಿ. ನಾಲ್ಕನೇ ದಿನಕ್ಕೇ ಡ್ಯೂಟಿಗೆ ಹೋಗಿದ್ದಳು. ಅತ್ತಿರಲಿಲ್ಲ. "ನೀನು ಗಟ್ಟಿ ಬಿಡಮ್ಮ" ಎಂದಿದ್ದರು ಭಾವ. ಗಟ್ಟಿಯೂ ಅಲ್ಲ, ಏನೂ ಅಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿಕೊಂಡರೆ ಬೇರೆ ಯಾರದೋ ಕಾಲು ಅನಿಸುತ್ತದಲ್ಲ, ಹಾಗೆ.

"ಹುಷಾರಾಗಿದ್ದೀನಿ," ಎಂದಳು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಸುದ್ದಿಯನ್ನು ಇನ್ನೊಂದು ಸಲ ಹೇಳುವ ತ್ರಾಣ ಇರಲಿಲ್ಲ, ಅಷ್ಟೆ. ಆದರೆ ಹೇಳಿದ ಮೇಲೆ ಆ ಮಾತು ಅಡುಗೆಮನೆಯಲ್ಲಿ ಹಾಗೇ ನಿಂತಿತು. ಇಲ್ಲ ಅನ್ನುವವರು ಯಾರೂ ಇರಲಿಲ್ಲ.

"ಹೀಗೇ ಇರಿ ಟೀಚರ್. ನಮ್ಮ ಬ್ಯಾಚಿನವರೆಲ್ಲ ಸೇರಿ ಒಂದು ಗ್ರೂಪ್ ಮಾಡಿದ್ದೀವಿ. ನೀವಿಲ್ದೆ ಅದೊಂದು ಗ್ರೂಪಾ? ನಿಮ್ಮನ್ನ ಸೇರಿಸೋಕೆ ಈಗ ಒಂದು ಮೆಸೇಜ್ ಬರುತ್ತೆ ನೋಡಿ, ಆರು ಅಂಕಿ ಇರುತ್ತೆ. ಅದೊಂದು ಹೇಳ್ಬಿಡಿ ಸಾಕು."

ಅಂಗೈಯಲ್ಲಿ ಫೋನು ಗುರ್ ಎಂದಿತು. ಮೆಸೇಜು ಬಂದಿತ್ತು.

ಹೋದ ಭಾನುವಾರವಷ್ಟೇ ಅಕ್ಕನ ಮಗಳು ಇದೇ ಕಿಟಕಿಯ ಹತ್ತಿರ ನಿಂತು ಹೇಳಿದ್ದಳು. "ಚಿಕ್ಕಮ್ಮ, ಯಾವ ನಂಬರ್ ಬಂದ್ರೂ ಯಾರಿಗೂ ಹೇಳ್ಬೇಡ. ಹೇಳಿದ್ಯೋ, ಅಮ್ಮನ ಮೆಸೇಜ್ ಅಕೌಂಟ್ ಅವರ ಕೈಗೆ ಹೋಗುತ್ತೆ, ನಮ್ಮನ್ನ ಆಚೆ ಹಾಕ್ತಾರೆ. ಆಮೇಲೆ ಇದೆಲ್ಲ ವಾಪಸ್ ಸಿಗುತ್ತೋ ಇಲ್ವೋ." ಇದೆಲ್ಲ ಅಂದರೆ ಅಕ್ಕನ ದನಿ. ಟೈಪ್ ಮಾಡಲು ಸೋಮಾರಿತನ ಅಕ್ಕನಿಗೆ. ಮಗಳಿಗೆ ಏನು ಹೇಳುವುದಿದ್ದರೂ ಮಾತಾಡಿ, ರೆಕಾರ್ಡ್ ಮಾಡಿಯೇ ಕಳಿಸುತ್ತಿದ್ದಳು. ಮಗಳ ಫೋನು ಬಸ್ಸಿನಲ್ಲಿ ಕಳುವಾದ ಮೇಲೆ ಆ ಮಾತುಗಳೆಲ್ಲ ಉಳಿದದ್ದು ಇದೊಂದರಲ್ಲೇ. ಅವನ್ನು ಕೇಳುವುದಕ್ಕೇ ಹುಡುಗಿ ವಾರವಾರ ಸೊನ್ನೆಯ ಮನೆಗೆ ಬರುತ್ತಿದ್ದಳು.

"ನನಗೇ ಹೇಳ್ತೀಯೇನೇ? ಇಡೀ ಆಸ್ಪತ್ರೆಗೆ ಪಾಠ ಹೇಳಿದವಳು ನಾನು," ಎಂದಿದ್ದಳು ಸೊನ್ನೆ. ಅದು ನಿಜವೇ. ಯಾರಿಗೂ ಅಂಕಿ ಹೇಳಬೇಡಿ ಎಂದು ಅವಳೇ ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಬೋರ್ಡಿನ ಪಕ್ಕ ಅಂಟಿಕೊಂಡಿತ್ತು.

ಆದರೂ ಕಣ್ಣಿಗೆ ಅಂಕಿ ಬಿದ್ದದ್ದೇ ಬಾಯಿ ತನ್ನಷ್ಟಕ್ಕೆ ತೆರೆಯಿತು. ಅದು ಕೆಲಸದ ಬಾಯಿ.

"ನಾಲ್ಕು, ಒಂದು, ಏಳು," ಎಂದು ನಿಲ್ಲಿಸಿದಳು. ಬೋರ್ಡಿನಲ್ಲಿ ಮೂರು ಅಂಕಿ ಹೇಳಿ ನಿಲ್ಲಿಸಬೇಕು, ಆ ಕಡೆಯವರು ಅದನ್ನೇ ಒಪ್ಪಿಸಿದ ಮೇಲೆ ಮುಂದಿನ ಮೂರು. "ತಿರುಗಿ ಹೇಳಿ."

"ಬರ್ಕೊಂಡೆ ಟೀಚರ್. ಮುಂದಿಂದು?"

"ತಿರುಗಿ ಹೇಳಿ."

"ಅಯ್ಯೋ, ಸರಿಯಾಗೇ ಕೇಳಿಸ್ತು ಟೀಚರ್. ಬೇಗ, ಟೈಮ್ ಮುಗಿದುಹೋಗುತ್ತೆ."

ಸೊನ್ನೆ ಉಳಿದ ಮೂರು ಅಂಕಿಗಳನ್ನೇ ನೋಡುತ್ತ ನಿಂತಳು. ಆಂಬುಲೆನ್ಸಿನ ಡ್ರೈವರು ತಿರುಗಿ ಹೇಳುತ್ತಾನೆ. ಅಪ್ಪ ಯಾವ ವಾರ್ಡಿನಲ್ಲಿದ್ದಾನೆಂದು ಕೇಳುವ ಮಗಳು ಬಿಕ್ಕುತ್ತಲೇ ತಿರುಗಿ ಹೇಳುತ್ತಾಳೆ. ನಿಜವಾಗಿ ಅವಸರದಲ್ಲಿರುವವರಿಗೆ ಒಂದು ಅಂಕಿ ತಪ್ಪೀತೆಂಬ ಭಯವಿರುತ್ತದೆ. ಇವನಿಗೆ ಆ ಭಯ ಇರಲಿಲ್ಲ. ಇದ್ದದ್ದು ಬರೀ ಅವಸರ.

"ನಾನು ನಿಮಗೆ ಏನು ಹೇಳಿಕೊಡ್ತಿದ್ದೆ?"

ಒಂದು ಗಳಿಗೆ ತಡೆದು ಅವನು ಹೇಳಿದ. "ಭೂಗೋಳ ಅಲ್ವಾ ಟೀಚರ್. ಆ ಮ್ಯಾಪ್ ಮುಂದೆ ನಿಂತ್ಕೊಂಡು ಹೇಳ್ತಿದ್ರಲ್ಲ, ಇನ್ನೂ ಕಣ್ಣಿಗೆ ಕಟ್ಟಿದಂಗಿದೆ."

ಅಕ್ಕನ ಪ್ರೊಫೈಲ್ ಫೋಟೋದಲ್ಲಿ ಬೆನ್ನ ಹಿಂದೆ ಒಂದು ಮ್ಯಾಪು ಇತ್ತು. ಸ್ಟಾಫ್ ರೂಮಿನ ಗೋಡೆಯದು. ಅಕ್ಕ ಪಿ.ಟಿ. ಟೀಚರು. ಕೊರಳಲ್ಲಿ ಸೀಟಿ ಹಾಕಿಕೊಂಡು ಮೂವತ್ತು ವರ್ಷ ಮಕ್ಕಳನ್ನು ಮೈದಾನ ಸುತ್ತಿಸಿದವಳು.

"ಲೈನಲ್ಲಿರಿ," ಎಂದಳು ಸೊನ್ನೆ, ಬೋರ್ಡಿನ ದನಿಯಲ್ಲಿ. "ಟೀಚರಿಗೆ ಕೊಡ್ತೀನಿ."

ಫೋನನ್ನು ಕಿಟಕಿಕಟ್ಟೆಯ ಮೇಲೆ ಮೆಲ್ಲಗೆ ಅಂಗಾತ ಇಟ್ಟಳು. ತಾನಾಗಿ ಕಾಲ್ ಕಟ್ ಮಾಡಿ ಅವಳಿಗೆ ಅಭ್ಯಾಸವಿಲ್ಲ. ಕಟ್ ಮಾಡುವುದು ಫೋನ್ ಮಾಡಿದವರ ಕೆಲಸ. ನಲ್ಲಿ ತಿರುಗಿಸಿ ಬೆಳಗಿನ ಲೋಟ ತೊಳೆದಳು. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದಳು.

"ಟೀಚರ್?" ಎಂದಿತು ಫೋನು. "ಹಲೋ, ಟೀಚರ್?" ಸ್ವಲ್ಪ ಹೊತ್ತು ಬಿಟ್ಟು, "ಏನಮ್ಮಾ, ಆಟ ಆಡ್ತಿದ್ದೀಯಾ?" ಆಮೇಲೆ ಒಂದು ಬೈಗುಳ. ಆಮೇಲೆ ಏನೂ ಇಲ್ಲ.

ನಾಲ್ಕು ಗಂಟೆಗೆ ಅಕ್ಕನ ಮಗಳು ಬಂದಳು. "ಯಾರಾದ್ರೂ ಫೋನ್ ಮಾಡಿದ್ರಾ ಚಿಕ್ಕಮ್ಮ?"

"ಒಬ್ಬ ಮಾಡಿದ್ದ. ನಿಮ್ಮಮ್ಮ ಅವನಿಗೆ ಭೂಗೋಳ ಹೇಳಿಕೊಟ್ಟಿದ್ಲಂತೆ."

"ಅಮ್ಮನಾ? ಪಕ್ಕದ ಬೀದಿಗೆ ಹೋಗಿ ದಾರಿ ತಪ್ಪಿಸ್ಕೊಂಡು ಬರ್ತಿದ್ಲು." ಹುಡುಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನಂಬರ್ ಕೊಟ್ಯಾ?"

"ಅರ್ಧ."

"ಅರ್ಧ ಅಂದ್ರೇನು ಚಿಕ್ಕಮ್ಮ?"

"ಮೂರು ಅಂಕಿ. ಅವನು ತಿರುಗಿ ಹೇಳ್ಲಿಲ್ಲ."

ಹುಡುಗಿ ಫೋನನ್ನು ಕೈಗೆತ್ತಿಕೊಂಡಳು. ಅವಳ ಹೆಬ್ಬೆರಳು ಮೇಲೆ ಕೆಳಗೆ ಓಡುವುದನ್ನು ಸೊನ್ನೆ ನೋಡಿದಳು. ಎಲ್ಲ ಇತ್ತು. ಹುಡುಗಿ ಉಸಿರುಬಿಟ್ಟು, ಕೈಗೆ ಸಿಕ್ಕಿದ ಒಂದನ್ನು ಒತ್ತಿದಳು.

"ಏ, ಕೇಳಿಸ್ಕೋ," ಎಂದಳು ಅಕ್ಕ. ಹಿಂದೆಲ್ಲೋ ಮಕ್ಕಳ ಗಲಾಟೆ. "ಬರ್ತಾ ಸೊನ್ನೆಗೆ ಎರಡು ಬ್ಯಾಟರಿ ತಗೊಂಡು ಬಾ, ಸಣ್ಣದು. ಅವಳ ಮನೇಲಿ ಗಡಿಯಾರ ನಿಂತು ತಿಂಗಳಾಯ್ತು. ಅವಳಿಗೆ ಹೇಳಿದ್ರೆ ಆದ ಹಾಗೇ. ಮರೀಬೇಡ."

ಹುಡುಗಿ ತಲೆಯೆತ್ತಿ ಗೋಡೆ ನೋಡಿದಳು. ಅಲ್ಲಿ ಇನ್ನೂ ಎರಡು ಗಂಟೆ ಹತ್ತು ನಿಮಿಷ. "ತರ್ಲೇ ಇಲ್ಲ ನಾನು," ಎಂದಳು ಸಣ್ಣಗೆ.

ಸೊನ್ನೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನಿನ ಹತ್ತಿರ ಬಗ್ಗಿದಳು.

"ಎರಡು ಬ್ಯಾಟರಿ," ಎಂದಳು. "ಸಣ್ಣದು."

ಹೇಳಿ, ಆ ಕಡೆಯವರು ಮೊದಲು ಫೋನ್ ಇಡಲಿ ಎಂದು ಕಾದಳು.