ಎಡಕ್ಕೆ ಜೋತ ಅವ್ವನ ತುಟಿ

ಸತ್ತ ಮೇಲೆ ಬೆಳ್ಳಿ ಬಂಗಾರವೆಲ್ಲ ಇಲ್ಲೇ ಉಳಿಯುತ್ತದೆ, ಹಚ್ಚೆಯೊಂದೇ ಸಂಗಡ ಬರುತ್ತದೆ ಎನ್ನುವುದು ಹಳೆಯ ಹೆಣ್ಣುಮಕ್ಕಳ ಮಾತು. ಆ ಮಾತು ಕೇಳುತ್ತ ಬೆಳೆದ ಗುರುಬಸವ, ಅವ್ವ ತೀರಿಕೊಂಡ ವರ್ಷ ಹುಬ್ಬಳ್ಳಿಯ ದೇಶಪಾಂಡೆ ನಗರದ ಟ್ಯಾಟೂ ಅಂಗಡಿಗೆ ಹೋಗಿ, ಎದೆಯ ಮೇಲೆ ಅವಳ ಮುಖವನ್ನೇ ಬರೆಸಿಕೊಂಡು ಬಂದಿದ್ದ. ಹತ್ತಿ ತೂಗುವ ಕೆಲಸದ ಆ ಮನುಷ್ಯ ತಾನೇ ಆಗ ನೂರಾ ಹದಿನೆಂಟು ಕಿಲೋ ತೂಗುತ್ತಿದ್ದ. ಎದೆಯೆಂದರೆ ಒತ್ತಿ ತುಂಬಿದ ಹತ್ತಿ ಅಂಡಿಗೆಯಂತೆ ಬಿಗಿದುಕೊಂಡಿತ್ತು. ಅದರ ಮೇಲೆ ಅವ್ವ ತುಂಬಿದ ಕೆನ್ನೆಯಲ್ಲಿ ಸಣ್ಣಗೆ ನಗುತ್ತ ಕೂತಿದ್ದಳು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕನ್ನಡಿಯ ಮುಂದೆ ನಿಂತು, ಅವಳ ಹಣೆಗೊಂದು ಬೆರಳು ವಿಭೂತಿ ಹಚ್ಚಿದ ಮೇಲೆಯೇ ಅವನು ಅಂಗಿ ತೊಡುವುದು. ಕಣ್ಣು ಮುಚ್ಚಿದರೂ ಬೆರಳು ನೆಟ್ಟಗೆ ಹಣೆಗೇ ಹೋಗುತ್ತಿತ್ತು.

ಈಗ ಹಾಗೆ ಹೋಗುತ್ತಿರಲಿಲ್ಲ. ಹಣೆ ಎಲ್ಲಿದೆಯೆಂದು ಹುಡುಕಬೇಕಾಗಿತ್ತು.

ಆದದ್ದಿಷ್ಟು. ತಂಗಿ ಶಾಂಭವಿಯ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕೂರುವ ಹಾಗಾಯಿತು. ಗುರುಬಸವ ತನ್ನದೊಂದು ಕೊಡುತ್ತೇನೆಂದ. ಹೊಂದುತ್ತದೆ ಎಂದೂ ಆಯಿತು. ಆದರೆ ಡಾಕ್ಟರು, "ಈ ಮೈ ಇಟ್ಕೊಂಡು ಆಗೂದಿಲ್ರಿ. ತೊಂಬತ್ತೈದರ ಒಳಗ ಬರ್ರಿ, ಆಮ್ಯಾಲ ನೋಡೂಣು" ಅಂದರು. ಅಂದಿನಿಂದ ಅವನ ಊರಾದ ರಾಯಾಪುರದ ರಸ್ತೆ ಅವನ ಬೆಳಗಿನ ನಡಿಗೆಗೆ ಸವೆಯಿತು. ಎರಡು ಹೊತ್ತೂ ಒಂದೊಂದೇ ರೊಟ್ಟಿ. ಎಂಟು ತಿಂಗಳಲ್ಲಿ ತೊಂಬತ್ತೆಂಟಕ್ಕೆ ಇಳಿದ.

ಕೊಬ್ಬು ಕರಗಿತು, ತೊಗಲು ಎಲ್ಲಿಗೆ ಹೋಗಬೇಕು? ಅದು ಜೋತುಬಿತ್ತು. ಅದರ ಕೂಡ ಅವ್ವನೂ ಜೋತಳು. ಕೆನ್ನೆ ಇಳಿಯಿತು, ಕಣ್ಣು ಉದ್ದವಾಯಿತು, ಒಂದು ಬೆಳಿಗ್ಗೆ ನೋಡಿದರೆ ತುಟಿಯ ಎಡತುದಿ ಕೆಳಗೆ ಬಾಗಿತ್ತು.

ಗುರುಬಸವನ ಕೈಯೊಳಗಿನ ವಿಭೂತಿ ಅಲ್ಲೇ ಉಳಿಯಿತು. ಅವ್ವ ಬದುಕಿದ್ದಾಗ ಬಸವಣ್ಣನ ಗುಡಿಯಲ್ಲಿ ಹೂ ಕೇಳದೆ ಯಾವ ಕೆಲಸಕ್ಕೂ ಕೈ ಹಾಕಿದವಳಲ್ಲ. ಮೂರ್ತಿಯ ಎರಡೂ ಬದಿಗೆ ಒದ್ದೆ ಹೂ ಅಂಟಿಸಿ, ಕೈ ಮುಗಿದು ಕೂರುತ್ತಿದ್ದಳು. ಬಲಗಡೆಯ ಹೂ ಉದುರಿದರೆ ಅಪ್ಪಣೆ, ಎಡಗಡೆಯದು ಉದುರಿದರೆ ಬೇಡ. ಈಗ ಅವಳೇ ಎಡ ಕೊಟ್ಟಿದ್ದಾಳೆ. "ನನ್ನ ಮಗ ಉಂಡ್ರ ನಾ ಉಂಡಂಗ" ಎನ್ನುತ್ತಿದ್ದವಳು, ಮಗ ಉಪವಾಸ ಬಿದ್ದು ಮೈ ಕೊಯ್ಯಿಸಿಕೊಳ್ಳುವುದನ್ನು ಹೇಗೆ ಒಪ್ಪಿಯಾಳು?

ಯಾರಿಗೂ ಹೇಳಲಿಲ್ಲ. ನಡಿಗೆ ಮಾತ್ರ ನಿಂತಿತು. ಸಂಜೆ ಮಿರ್ಚಿ ಬಜಿ ಮತ್ತೆ ಶುರುವಾಯಿತು. ತಿಂಗಳಲ್ಲಿ ನಾಲ್ಕು ಕಿಲೋ ಏರಿತು. ತುಟಿ ಮಾತ್ರ ಮೇಲೇಳಲಿಲ್ಲ. ಅತ್ತ ಶಾಂಭವಿಯ ಕಾಲುಗಳು ದಿನದಿನಕ್ಕೆ ಬಾತುಕೊಳ್ಳುತ್ತಿದ್ದವು.

ತಡೆಯಲಾರದೆ ಒಂದು ದಿನ ಗರಗಕ್ಕೆ ಹೋದ. ಅವ್ವನ ಅಕ್ಕ ಚನ್ನಬಸವ್ವ ಪಡಸಾಲೆಯಲ್ಲಿ ಚರಕದ ಮುಂದೆ ಕೂತಿದ್ದಳು.

"ಯಾಕೊ ಗುರ್ಯಾ, ಮಾರಿ ಯಾಕ ಬಾಡೇತಿ?"

ಅವನು ಅಂಗಿಯ ಗುಂಡಿ ಬಿಚ್ಚಿದ. "ದೊಡ್ಡವ್ವ, ಅವ್ವಗ ಮನಸಿಲ್ಲ. ಕಿಡ್ನಿ ಕೊಡಬ್ಯಾಡ ಅಂತಾಳ. ನೋಡಿಲ್ಲೆ, ಎಡಕ್ಕ ತುಟಿ ಇಳಿಸ್ಯಾಳ."

ಮುದುಕಿ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕುಪ್ಪಸದ ತೋಳು ಸರಿಸಿ ಹಳೆಯ ಹಚ್ಚೆಯೊಂದನ್ನು ತೋರಿಸಿದಳು. "ಇದೇನೈತಿ ಹೇಳು."

"ಹಲ್ಲಿ ಕಂಡಂಗ ಕಾಣ್ತೈತಿ."

"ಹಲ್ಲಿ ನಿಮ್ಮಪ್ಪ! ಗಿಣಿ ಅದು. ಮದಿವ್ಯಾಗ ಹಾಕಿಸ್ಕೊಂಡಿದ್ದೆ. ಮೈ ತುಂಬಿದಾಗ ನವಿಲಿನಷ್ಟ ಆಗಿತ್ತು, ಈಗ ತೋಳು ಬತ್ತಿ ಹಲ್ಲಿ ಆಗೇತಿ. ಹಂಗಂತ ನಾ ಗ್ವಾಡಿ ಏರ್ಲೇನು?"

ಅವನಿಗೆ ನಗೆ ಬಂತು, ಕಣ್ಣೀರೂ ಬಂತು.

"ಕೇಳಿಲ್ಲೆ. ಹೂ ಕೇಳೂದು ದೇವರ ಮುಂದ, ನಿನ್ನ ತೊಗಲಿನ ಮುಂದಲ್ಲ. ಅದೂ ಮಾಡ್ಲೊ ಬ್ಯಾಡೊ ಅನ್ನೂ ಕೆಲಸಕ್ಕ. ಮಗಳನ್ನ ಉಳಿಸ್ಲೇನು ಅಂತ ನಿಮ್ಮವ್ವ ಯಾವ ದೇವರ್ನೂ ಕೇಳ್ತಿದ್ದಿಲ್ಲ." ಚರಕದ ಹಿಡಿಕೆಗೆ ಮತ್ತೆ ಕೈ ಹಾಕಿದಳು. "ಹೋಗು. ಈ ಮಾತು ನನ್ನ ಮುಂದ ಅಲ್ಲ, ನಿನ್ನ ತಂಗಿ ಮುಂದ ಹೇಳು."

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿದವನು ಕನ್ನಡಿಯ ಮುಂದೆ ನಿಲ್ಲಲಿಲ್ಲ. ವಿಭೂತಿ ಗಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಗೆ, ತಂಗಿಯ ಮನೆಗೆ ಹೋದ. ಶಾಂಭವಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಅಣ್ಣನ ಹೊಟ್ಟೆಯ ಮೇಲಿನ ಗುಂಡಿಗಳನ್ನು ಒಮ್ಮೆ ನೋಡಿ, "ಅಂಗಿ ಮತ್ತ ಬಿಗಿ ಆಗೇತಲ್ಲಣ್ಣ" ಅಂದಳು.

"ನಿನಗ ಗೊತ್ತಾಗಿತ್ತೇನು?"

"ಹೋದ ವಾರನ ಗೊತ್ತಾತು. ಕತ್ತರಿಗೆ ಅಂಜ್ಯಾನ ಅಂದ್ಕೊಂಡೆ. ಇದು ಬೇಡಿ ಇಸ್ಕೊಳ್ಳೂ ವಸ್ತು ಅಲ್ಲಣ್ಣ. ಅದಕ್ಕ ಸುಮ್ಮನಿದ್ದೆ."

ಆ 'ಸುಮ್ಮನಿದ್ದೆ' ಎಂಬುದು ಅವನನ್ನು ನೆಲಕ್ಕೆ ಕೂರಿಸಿತು. ಅಂಗಿ ಬಿಚ್ಚಿ ಎಲ್ಲವನ್ನೂ ಹೇಳಿದ. ಎಡಕ್ಕೆ ಜೋತ ತುಟಿ, ಹೂ, ಮಿರ್ಚಿ, ಗಿಣಿ, ಹಲ್ಲಿ. ಶಾಂಭವಿ ಬಯ್ಯಲಿಲ್ಲ. ಬಾಗಿ ಅವ್ವನನ್ನೇ ನೋಡಿದಳು.

"ಇದ್ದಿದ್ರ ಹಿಂಗ ಮುದುಕಿ ಆಗ್ತಿದ್ಲೇನೊ," ಅಂದಳು ಮೆಲ್ಲಗೆ. "ಇವತ್ತು ಈಬತ್ತಿ ಹಚ್ಚೀಯೇನು?"

"ಇಲ್ಲ. ಹಣಿ ಸಿಗೂದಿಲ್ಲವ್ವ."

"ತಾ ಇಲ್ಲೆ. ನಾ ಹಿಡಿತೇನಿ, ನೀ ಹಚ್ಚು."

ಎರಡೂ ಕೈಯಿಂದ ಅವನ ಎದೆಯ ತೊಗಲನ್ನು ಮೇಲಕ್ಕೆ ಜಗ್ಗಿ ಹಿಡಿದಳು. ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಕೂಡಿಸಿದ್ದ ಅವಳ ಮುಂಗೈಯ ರಕ್ತನಾಳ ರಕ್ತದ ರಭಸಕ್ಕೆ ಜೇನುಹುಳದಂತೆ ಗುಂಯ್‌ಗುಡುವುದು ಅವನ ಎದೆಗೆ ತಾಕಿತು. ಸುಕ್ಕು ಬಿಚ್ಚಿತು, ಕೆನ್ನೆ ತುಂಬಿತು, ಅವ್ವ ಮೊದಲಿನಂತೆ ಸಣ್ಣಗೆ ನಕ್ಕಳು. ಕಿಸೆಯ ಗಟ್ಟಿಗೆ ಬೆರಳು ಉಜ್ಜಿ ಅವನು ಹಣೆಗೆ ವಿಭೂತಿ ಎಳೆದ. ಶಾಂಭವಿಯ ಕೈಗೆ ಬಹಳ ಹೊತ್ತು ಹಿಡಿಯುವ ಶಕ್ತಿ ಇರಲಿಲ್ಲ, ಬಿಟ್ಟಳು. ತುಟಿ ಮತ್ತೆ ಎಡಕ್ಕೆ ಇಳಿಯಿತು.

ಗುರುಬಸವ ಅದನ್ನು ನೋಡಿದ. ಆದರೆ ಈ ಸಲ ಹೌದೊ ಬೇಡವೊ ಎಂದು ಕೇಳಲಿಲ್ಲ. ಗುಂಡಿ ಹಾಕಿಕೊಂಡು ಎದ್ದ.

"ಏಳು ಕಿಲೋ ಇಳೀಬೇಕವ್ವ. ಇನ್ನೂ ಜೋಲತಾಳ ಆಕಿ."

"ಜೋಲಲಿ ಬಿಡು. ಗಾಡಿ ಎಲ್ಲಿ ನಿಲ್ಲಿಸೀಯಣ್ಣ?"

"ತಂದಿಲ್ಲ. ಬಸ್ಸಿಗೆ ಬಂದೆ, ನಡಕೊಂಡ ಹೋಗ್ತೇನಿ," ಅಂದ ಗುರುಬಸವ. ಚಪ್ಪಲಿ ಮೆಟ್ಟಿ, ರಾಯಾಪುರದ ದಾರಿ ಹಿಡಿದ.